ಸಂಬಳ ಬಿಟ್ಟು ಹೊರಡುವವರಿಗೆ

ರಾಜೀನಾಮೆ ಬರೆದಿಟ್ಟುಕೊಂಡು ಇನ್ನೂ ಕಳುಹಿಸದೆ ಕುಳಿತಿರುವ ಗೆಳೆಯ ಗೆಳತಿಯರೇ,

ನಾನು ರಾಷ್ಟ್ರೀಕೃತ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ದಾವಣಗೆರೆ, ಹುಬ್ಬಳ್ಳಿ, ತುಮಕೂರು, ಕೊನೆಗೆ ಬೆಂಗಳೂರಿನ ಪೀಣ್ಯ. ಸ್ವತಃ ಉದ್ಯಮ ಮಾಡಿದವನಲ್ಲ, ಮಾಡಿದವರ ಲೆಕ್ಕ ನೋಡಿದವನು. ಹಾಗಾಗಿ ಕನಸು, ಛಲ, ಆತ್ಮವಿಶ್ವಾಸಗಳ ಬಗ್ಗೆ ಈ ಪತ್ರದಲ್ಲಿ ಏನೂ ಸಿಗುವುದಿಲ್ಲ. ಅದನ್ನು ಹೇಳುವವರಿಗೆ ಈಗ ಯೂಟ್ಯೂಬಿನಲ್ಲಿ ಬರವಿಲ್ಲ.

ನಿವೃತ್ತಿಯ ನಂತರವೂ ನಿಮ್ಮಂಥವರು ಮನೆಗೆ ಬರುತ್ತಲೇ ಇರುತ್ತಾರೆ. ಗೆಳೆಯರ ಮಕ್ಕಳು, ಮಗಳ ಸಹಪಾಠಿಗಳು, ಮೇಲಿನ ಮನೆಯವರ ಅಳಿಯ. "ಅಂಕಲ್, ಕೆಲಸ ಬಿಡ್ಲಾ, ಬೇಡ್ವಾ?" ಎಂದು ಶುರುಮಾಡಿ ಲ್ಯಾಪ್‌ಟಾಪ್ ತೆರೆಯುತ್ತಾರೆ. ಎಕ್ಸೆಲ್ ಹಾಳೆ ಅಚ್ಚುಕಟ್ಟಾಗಿರುತ್ತದೆ. ಮಾರುಕಟ್ಟೆ ಎಷ್ಟು ದೊಡ್ಡದು, ಒಂದು ಸರಕಿಗೆ ಬೀಳುವ ಖರ್ಚೆಷ್ಟು, ಲಾಭ ಎಷ್ಟು, ಐದನೇ ವರ್ಷಕ್ಕೆ ಎಲ್ಲಿ ಮುಟ್ಟುತ್ತೇವೆ, ಎಲ್ಲವೂ ಅಲ್ಲಿದೆ. ಮಾರಿದ ಸರಕಿನ ಹಣ ಯಾವ ತಾರೀಖಿಗೆ ಕೈಗೆ ಬರುತ್ತದೆ ಎನ್ನುವುದು ಮಾತ್ರ ನಾನು ನೋಡಿದ ಯಾವ ಹಾಳೆಯಲ್ಲೂ ಇರಲಿಲ್ಲ. ಬಿಲ್ ಬರೆದ ತಿಂಗಳೇ ದುಡ್ಡು ಬಂತು ಎಂದುಕೊಂಡು ಕೂಡಿ ಕಳೆದಿರುತ್ತಾರೆ.

ಅದು ಲೆಕ್ಕ ಬಾರದ್ದಕ್ಕೆ ಆದ ತಪ್ಪಲ್ಲ, ಸಂಬಳದ ಅಭ್ಯಾಸ. ತಿಂಗಳ ಕೊನೆಗೆ ಮೊಬೈಲು ಟಿಣ್ ಎಂದರೆ ಹಣ ಬಂತು. ಕೆಲಸಕ್ಕೆ ಸೇರಿದಂದಿನಿಂದ ಇವತ್ತಿನವರೆಗೆ ನಿಮ್ಮ ಶ್ರಮದ ಹಣಕ್ಕಾಗಿ ನೀವು ಯಾರ ಬಾಗಿಲಿಗೂ ಹೋಗಿ ನಿಂತಿಲ್ಲ. ಮಧ್ಯಮ ವರ್ಗದ ಮನೆಗಳಲ್ಲಿ ಬೆಳೆದ ನಮಗೆ ಕೊಟ್ಟ ಸಾಲ ವಾಪಸ್ ಕೇಳುವುದಕ್ಕೇ ನಾಲಿಗೆ ಏಳುವುದಿಲ್ಲ. "ಕೊಟ್ಟಾಗ ಕೊಡ್ಲಿ ಬಿಡು, ಏನಂದುಕೊಂಡಾರು" ಎನ್ನುತ್ತೇವೆ. ದಾಕ್ಷಿಣ್ಯಕ್ಕೆ ಬಸಿರಾಗುವ ಗಾದೆ ಸುಮ್ಮನೆ ಹುಟ್ಟಿಲ್ಲ.

ಹಾಗಾಗಿ ಉದ್ಯಮಿಯಾಗಬೇಕೋ ಬೇಡವೋ ಎಂದು ಕೇಳಿದವರಿಗೆಲ್ಲ ನಾನು ಹಾಕುವ ಪ್ರಶ್ನೆ ಒಂದೇ: ನಿಮಗೆ ಬರಬೇಕಾದ ಬಾಕಿಯನ್ನು ಮುಖಕ್ಕೆ ಮುಖ ಕೊಟ್ಟು, ಜಗಳವಾಡದೆ, ನಾಚಿಕೊಳ್ಳದೆ, ವಾರ ವಾರವೂ ಕೇಳುವುದು ನಿಮ್ಮಿಂದ ಸಾಧ್ಯವೇ? ಸಾಲ ಕೇಳುವುದನ್ನು ಎಲ್ಲರೂ ಕಲಿಯುತ್ತಾರೆ. ಬಾಕಿ ಕೇಳಲು ಬಾರದೆ ಮುಚ್ಚಿದ ಘಟಕಗಳ ಕಡತಗಳು ನನ್ನ ಮೇಜಿನ ಮೇಲೆ ಬಂದಷ್ಟು, ಸರಕು ಕೆಟ್ಟದೆಂದು ಮುಚ್ಚಿದವುಗಳದ್ದು ಬಂದಿಲ್ಲ.

ಒಂದು ಲೆಕ್ಕ ಮಾಡೋಣ. ಪೀಣ್ಯದ ಯಾವುದೋ ಅಡ್ಡರಸ್ತೆಯಲ್ಲಿ ನೀವು ಚಿಕ್ಕ ಮೆಷಿನ್ ಶಾಪ್ ಹಾಕಿದ್ದೀರಿ, ದೊಡ್ಡ ಕಂಪನಿಗೆ ಬಿಡಿಭಾಗ ಕೊಡುತ್ತೀರಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 5 ಲಕ್ಷದ ಮಾರಾಟ. ಕಬ್ಬಿಣಕ್ಕೆ ಎರಡೂವರೆ ಲಕ್ಷ, ಕೂಲಿ, ಬಾಡಿಗೆ, ಕರೆಂಟಿಗೆ ಒಂದೂವರೆ ಲಕ್ಷ, ಉಳಿದ ಒಂದು ಲಕ್ಷ ಲಾಭ. ಕೇಳಲು ಚೆನ್ನಾಗಿದೆ. ಕಬ್ಬಿಣದ ಅಂಗಡಿಯವನು ಹೊಸಬರಿಗೆ ಉದ್ದರಿ ಕೊಡುವುದಿಲ್ಲ, ಜಿಎಸ್‌ಟಿ ಸೇರಿಸಿ ನಗದು ಎಣಿಸಬೇಕು. ಕಂಪನಿಯವರು ಹೇಳುವುದು ಅರವತ್ತು ದಿನ, ಕೊಡುವುದು ತೊಂಬತ್ತಕ್ಕೆ. ನೀವು ಬರೆದ ಬಿಲ್ಲಿನ ಮೇಲಿನ ಶೇ. 18ರ ಜಿಎಸ್‌ಟಿಯನ್ನು, ಕಚ್ಚಾ ಮಾಲಿಗೆ ಕಟ್ಟಿದ್ದು ಕಳೆದು, ಮುಂದಿನ ತಿಂಗಳೇ ಸರ್ಕಾರಕ್ಕೆ ಕಟ್ಟಬೇಕು. ಪಾರ್ಟಿ ಹಣ ಕೊಟ್ಟಿದ್ದಾನೋ ಇಲ್ಲವೋ ಎಂದು ಇಲಾಖೆ ಕೇಳುವುದಿಲ್ಲ. ಮೂರು ತಿಂಗಳ ಕೊನೆಗೆ ಪುಸ್ತಕದಲ್ಲಿ 3 ಲಕ್ಷ ಲಾಭ ಕಾಣುತ್ತದೆ. ಕೈಯಿಂದ ಹೋದದ್ದು 14 ಲಕ್ಷಕ್ಕೂ ಹೆಚ್ಚು, ಬಂದದ್ದು ಸೊನ್ನೆ. ಇದರಲ್ಲಿ ಯಂತ್ರದ ಬೆಲೆ ಸೇರಿಲ್ಲ, ನಿಮ್ಮ ಮನೆಯ ಅಕ್ಕಿ ಬೇಳೆಯೂ ಸೇರಿಲ್ಲ.

ನಾಲ್ಕನೇ ತಿಂಗಳು ಕಂಪನಿಯವರು ನಿಮ್ಮ ಕೆಲಸ ಮೆಚ್ಚಿ ಆರ್ಡರ್ ದುಪ್ಪಟ್ಟು ಮಾಡಿದರೆ ನೀವು ಮನೆಗೆ ಸಿಹಿ ಒಯ್ಯುತ್ತೀರಿ. ಸಾಲ ವಿಭಾಗದಲ್ಲಿ ಕುಳಿತವನಿಗೆ ಆ ಸುದ್ದಿ ಕೇಳಿ ದಿಗಿಲಾಗುತ್ತದೆ. ಹೊರಗೆ ಸಿಕ್ಕಿಬೀಳುವ ಹಣವೂ ದುಪ್ಪಟ್ಟಾಯಿತಲ್ಲ! ಆರ್ಡರ್ ಇಲ್ಲದೆ ಸೊರಗಿದ ಘಟಕಗಳು ನಿಧಾನಕ್ಕೆ ಮುಚ್ಚುತ್ತವೆ. ಆರ್ಡರ್ ಏಕಾಏಕಿ ಏರಿದವು ಆರೇಳು ತಿಂಗಳಲ್ಲಿ ಮುಗ್ಗರಿಸುತ್ತವೆ.

ಬ್ಯಾಂಕು ಇದೆಯಲ್ಲ ಎನ್ನುತ್ತೀರಿ. ಸಣ್ಣ ಉದ್ಯಮಗಳ ದುಡಿಮೆ ಬಂಡವಾಳಕ್ಕೆ ನಾವು ಬಳಸುವ ಸೂತ್ರ ನಾಯಕ್ ಸಮಿತಿಯದು, 1990ರ ದಶಕದ ಆರಂಭದ್ದು. ವರ್ಷದ ಅಂದಾಜು ವಹಿವಾಟಿನ ಶೇ. 25ರಷ್ಟು ದುಡಿಮೆ ಬಂಡವಾಳ ಬೇಕು, ಅದರಲ್ಲಿ ಬ್ಯಾಂಕಿನದು ಶೇ. 20, ನಿಮ್ಮದು ಶೇ. 5. ವರ್ಷಕ್ಕೆ 60 ಲಕ್ಷದ ವಹಿವಾಟಾದರೆ ಬ್ಯಾಂಕಿನಿಂದ 12 ಲಕ್ಷ, ನಿಮ್ಮ ಕಡೆಯಿಂದ 3 ಲಕ್ಷ. ಶೇ. 25 ಎಂದರೆ ವರ್ಷದ ಕಾಲು ಭಾಗ, ಮೂರು ತಿಂಗಳು. ಹಾಕಿದ ದುಡ್ಡು ಮೂರು ತಿಂಗಳಲ್ಲಿ ತಿರುಗಿ ಬರುತ್ತದೆ ಎಂಬ ನಂಬಿಕೆಯ ಮೇಲೆ ಆ ಸೂತ್ರ ನಿಂತಿದೆ. ನಿಮ್ಮ ಪಾರ್ಟಿ ಐದು ತಿಂಗಳು ಎಳೆದರೆ ಸೂತ್ರ ನಿಮ್ಮ ನೆರವಿಗೆ ಬರುವುದಿಲ್ಲ. ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತಿರುವುದಿಲ್ಲ. ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆಯಲ್ಲಿ ಎಷ್ಟು ಹಣ ತೆಗೆಯಬಹುದು ಎನ್ನುವುದು ನೀವು ತಿಂಗಳು ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನ ಮೇಲೆ ನಿಂತಿರುತ್ತದೆ. ತೊಂಬತ್ತು ದಿನ ದಾಟಿದ ಬಾಕಿಯನ್ನು ಸಾಮಾನ್ಯವಾಗಿ ಆ ಲೆಕ್ಕದಿಂದ ತೆಗೆದುಹಾಕುತ್ತೇವೆ. ಪಾರ್ಟಿ ತಡಮಾಡಿದಾಗ ಅವನ ಹಣವೂ ಬರುವುದಿಲ್ಲ, ಬ್ಯಾಂಕಿನ ಡ್ರಾಯಿಂಗ್ ಪವರ್ ಕೂಡ ಕುಗ್ಗುತ್ತದೆ. ನಿಮ್ಮ ಕಂತೋ ಬಡ್ಡಿಯೋ ತೊಂಬತ್ತು ದಿನ ನಿಂತರೆ ನಿಮ್ಮ ಖಾತೆ ಕೆಟ್ಟ ಸಾಲ, ಬ್ಯಾಂಕಿನ ಮಾತಿನಲ್ಲಿ ಎನ್‌ಪಿಎ. ದೊಡ್ಡವನು ನಿಮಗೆ ತಡಮಾಡಿದ್ದಕ್ಕೆ ಎಲ್ಲೂ ಕಲೆ ಬೀಳುವುದಿಲ್ಲ, ನಿಮ್ಮ ಸಿಬಿಲ್‌ಗೆ ಬೀಳುತ್ತದೆ.

ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಬರಹದ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಬಂತು. ಗಡುವು ಮೀರಿದ ಬಾಕಿಯನ್ನು ಕೊಳ್ಳುವವನು ನಿಜವಾಗಿ ಪಾವತಿಸುವ ತನಕ ತನ್ನ ಖರ್ಚೆಂದು ತೋರಿಸುವಂತಿಲ್ಲ. ಟ್ರೆಡ್ಸ್ ಎಂಬ ವೇದಿಕೆಯಲ್ಲಿ ನಿಮ್ಮ ಬಿಲ್ಲನ್ನು ಬ್ಯಾಂಕುಗಳಿಗೆ ಮಾರಿ ಮೊದಲೇ ಹಣ ಪಡೆಯಬಹುದು. ವಾರ್ಷಿಕ ವಹಿವಾಟು 250 ಕೋಟಿ ದಾಟಿದ ಕಂಪನಿಗಳು ಅದಕ್ಕೆ ಸೇರಲೇಬೇಕೆಂದು ಸರ್ಕಾರ ಹೇಳಿದೆ. ಇವೆಲ್ಲಕ್ಕೂ ಉದ್ಯಮ್ ನೋಂದಣಿ ಬೇಕು. ಅದು ಉಚಿತ, ಏಜೆಂಟರಿಗೆ ಸಾವಿರ ಕೊಡಬೇಡಿ. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಆದರೆ ನೀವು ಬರೀ ಕೊಂಡು ಮಾರುವ ವ್ಯಾಪಾರಿಯಾದರೆ ಉದ್ಯಮ್ ಸಂಖ್ಯೆ ಸಿಕ್ಕರೂ ಈ 45 ದಿನದ ರಕ್ಷಣೆ ನಿಮಗಿಲ್ಲ.

ಇಷ್ಟಿದ್ದೂ ನಾನು ಕಂಡ ಮಟ್ಟಿಗೆ ಸಣ್ಣವನು ದೂರು ಕೊಡುವುದಿಲ್ಲ. ಇರುವ ಒಬ್ಬನೇ ದೊಡ್ಡ ಪಾರ್ಟಿಯ ಮೇಲೆ ಬಾಕಿ ವ್ಯಾಜ್ಯ ನೋಡುವ ಸರ್ಕಾರಿ ಕೌನ್ಸಿಲ್‌ಗೆ ಅರ್ಜಿ ಹಾಕಿ ಮರುದಿನ ಅದೇ ಗೇಟಿನಲ್ಲಿ ಆರ್ಡರ್ ಕೇಳಲು ನಿಲ್ಲುವುದು ಹೇಗೆ? ಕಾಯ್ದೆಯ ನಿಜವಾದ ಉಪಯೋಗ ವ್ಯವಹಾರ ಕುದುರುವ ಮುಂಚೆ ಇದೆ. "ಸಾರ್, ನಾವು ಎಂಎಸ್‌ಎಂಇ, ನಲವತ್ತೈದು ದಿನ ಅಂತ ಪಿಒದಲ್ಲೇ ಹಾಕಿಬಿಡಿ" ಎಂದು ಮೊದಲ ದಿನವೇ ನಗುನಗುತ್ತಾ ಹೇಳಿದವರಿಗೆ ಅದು ಸಿಕ್ಕಿದ್ದನ್ನು ನೋಡಿದ್ದೇನೆ. ನಾಲ್ಕು ಬಿಲ್ ಬಾಕಿಯಾದ ಮೇಲೆ ಕಾಯ್ದೆಯ ಕಲಂ ಓದಿದವರಿಗೆ ಸಿಕ್ಕಿದ್ದನ್ನು ಅಪರೂಪಕ್ಕೆ ನೋಡಿದ್ದೇನೆ.

ವಸೂಲಿಯೆಂದರೆ ಜೋರು ಮಾಡುವುದು ಎಂದುಕೊಂಡಿರುವವರೇ ಹೆಚ್ಚು. ಹಾಗಲ್ಲ. ಸರಕು ಕಳಿಸಿದ ದಿನವೇ ಬಿಲ್ ಹೋಗಬೇಕು. ಸರಕು ಮುಟ್ಟಿದ್ದಕ್ಕೆ ಕಂಪನಿಯ ರಸೀದಿ, ಅಂದರೆ ಜಿಆರ್‌ಎನ್ ಆಗಿದೆಯೇ ಎಂದು ಮಾರನೇ ದಿನ ಕೇಳಬೇಕು. ಅದಾಗದಿದ್ದರೆ ಬಿಲ್ ಎಲ್ಲಿಗೂ ಹೋಗುವುದಿಲ್ಲ. ರಿಜೆಕ್ಷನ್ ಇದ್ದರೆ ಡೆಬಿಟ್ ನೋಟ್ ಆಗಲೇ ಕೇಳಿ ಪಡೆಯಬೇಕು, ಮೂರು ತಿಂಗಳ ನಂತರ ಅದೇ ನೆಪವಾಗುತ್ತದೆ. ನಿಮ್ಮ ಬಿಲ್ ಪಾಸ್ ಮಾಡುವವರು ಎಂಡಿ ಸಾಹೇಬರಲ್ಲ, ಅಕೌಂಟ್ಸ್ ವಿಭಾಗದ ಯಾರೋ ಒಬ್ಬ ಗುಮಾಸ್ತ. ಅವರ ಹೆಸರು, ಅವರ ಮನೆಯ ಗೃಹಪ್ರವೇಶ, ಅವರು ಯಾವ ವಾರ ಚೆಕ್ ಪಟ್ಟಿ ತಯಾರಿಸುತ್ತಾರೆ ಎಂಬುದು ನಿಮಗೆ ಗೊತ್ತಿರಬೇಕು. ಎಂಡಿ ಜೊತೆ ಕಾಫಿ ಕುಡಿದು ಫೋಟೋ ಹಾಕಿಕೊಂಡು ಗುಮಾಸ್ತನಿಗೆ ನಮಸ್ಕಾರ ಹೇಳದ ಎಂಜಿನಿಯರುಗಳ ಬಿಲ್ಲುಗಳು ಯಾವಾಗಲೂ ಕಟ್ಟಿನ ಅಡಿಯಲ್ಲಿರುತ್ತಿದ್ದವು.

ಈ ವಿದ್ಯೆಯಲ್ಲಿ ನಮ್ಮ ನಾಡಿಗೆ ದೊಡ್ಡ ಪರಂಪರೆಯೇ ಇದೆ. 1925ರಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ ಉಡುಪಿಯಲ್ಲಿ ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಪ್ರತಿನಿಧಿ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಒಯ್ಯುತ್ತಿದ್ದ. ಪಿಗ್ಮಿ ಕಲೆಕ್ಟರುಗಳನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ಹೆಚ್ಚು ಓದಿದವರಲ್ಲ. ದಿನವೂ ಅದೇ ಹೊತ್ತಿಗೆ ಬರುತ್ತಾರೆ. "ಇವತ್ತು ಬೇಡ" ಎಂದರೆ ಮುಖ ಸಣ್ಣ ಮಾಡುವುದಿಲ್ಲ, "ಸರಿ, ನಾಳೆ" ಎಂದು ನಾಳೆ ಮತ್ತೆ ಬರುತ್ತಾರೆ. ಅಂಗಡಿಯವನ ಗಲ್ಲಾ ತುಂಬುವ ಹೊತ್ತು ಯಾವುದು, ಸಂತೆ ಯಾವತ್ತು, ಯಾರಿಗೆ ವ್ಯಾಪಾರ ಇಳಿದಿದೆ ಎಂಬುದೆಲ್ಲ ಮ್ಯಾನೇಜರನಿಗಿಂತ ಮುಂಚೆ ಅವರಿಗೆ ಗೊತ್ತು. ಸಾಲ ಕೊಡುವ ಮುನ್ನ ನಾನು ಎಷ್ಟೋ ಸಲ ಬ್ಯಾಲೆನ್ಸ್ ಶೀಟು ಮುಚ್ಚಿಟ್ಟು ಅವರನ್ನು ಕರೆದು ಕೇಳಿದ್ದುಂಟು.

ಹುಬ್ಬಳ್ಳಿಯಲ್ಲಿದ್ದಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿಸಿ ಮಾರುವ ಹೆಣ್ಣುಮಗಳೊಬ್ಬರು ನಮ್ಮ ಶಾಖೆಯ ಗ್ರಾಹಕರು. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಿದ್ದರು. ಖಾನಾವಳಿಯವರದು ವಾರದ ಲೆಕ್ಕ, ಮದುವೆಯವರದು ಅರ್ಧ ಮುಂಗಡ. ದೊಡ್ಡ ಮಳಿಗೆಗಳ ಕಡೆಯವರು ಬಂದು ನಮ್ಮಲ್ಲಿ ಮಾರಲು ಕೊಡಿ ಎಂದಾಗ ಅವರು ಕೇಳಿದ್ದು, "ರೊಕ್ಕ ಯಾವಾಗ?" ಅರವತ್ತು ದಿನ, ಮಾರಾಟವಾಗದ್ದನ್ನು ವಾಪಸ್ ಕಳಿಸುತ್ತೇವೆ ಎಂದರಂತೆ. "ಹಂಗಾದ್ರ ರೊಟ್ಟಿನೂ ಅರವತ್ತ ದಿನ ಬಿಟ್ಟ ಒಯ್ಯರಿ" ಎಂದು ಕಳಿಸಿಬಿಟ್ಟರು. ಆಗ ನನಗೆ ಅವಸರದ ಮಾತೆನಿಸಿತ್ತು. ದೊಡ್ಡ ಹೆಸರು, ನಗರ ನಗರಗಳಲ್ಲಿ ಮಾರಾಟ, ಯಾರಾದರೂ ಬಿಡುತ್ತಾರೆಯೇ? ಅವರ ಖಾತೆಯನ್ನು ನೋಡುತ್ತಾ ಹೋದಾಗ ಮಾತ್ರ ಅರ್ಥವಾಯಿತು. ಸಾಲ ಚಿಕ್ಕದು, ವಹಿವಾಟು ದಿನದಿನದ್ದು, ಹೊರಗೆ ಬಾಕಿ ಇಲ್ಲವೇ ಇಲ್ಲ ಎನ್ನಬಹುದು. ಅವರ ರೊಟ್ಟಿ ಬಡಿಯುವ ಹೆಂಗಸರಿಗೆ ಶನಿವಾರದ ಕೂಲಿ ಒಂದು ವಾರವೂ ತಪ್ಪಿದ್ದಿಲ್ಲ.

ಮೂಲ್ಕಿ ಕಡೆಯ ರಘುನಂದನ ಕಾಮತರ ಕಥೆ ನಿಮಗೆ ಗೊತ್ತಿರಬಹುದು. ಹಣ್ಣು ಮಾರುವವರ ಮಗ, ಮುಂಬೈಗೆ ಹೋಗಿ 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಂ ಅಂಗಡಿ ತೆರೆದವರು, 2024ರಲ್ಲಿ ತೀರಿಕೊಂಡರು. ಎಳನೀರು, ಸೀತಾಫಲದ ಐಸ್‌ಕ್ರೀಂ ಮಾಡಿದ ಕಲ್ಪನೆಯನ್ನು ಎಲ್ಲರೂ ಹೊಗಳುತ್ತಾರೆ. ಬ್ಯಾಂಕಿನವನಾದ ನನಗೆ ಹಿಡಿಸಿದ್ದು ಪಾವ್‌ಭಾಜಿ. ಬರೀ ಐಸ್‌ಕ್ರೀಮಿಗೆ ಜನ ಬರಲಿಕ್ಕಿಲ್ಲ ಎಂದು ಅವರು ಮೊದಲು ಪಾವ್‌ಭಾಜಿಯನ್ನು ಮುಂದಿಟ್ಟರು. ಖಾರ ತಿಂದವರು ತಂಪು ಕೇಳುತ್ತಿದ್ದರು. ಸಂಜೆಗೆ ಗಲ್ಲಾದಲ್ಲಿ ಹಣ. ಐಸ್‌ಕ್ರೀಮಿಗೇ ಜನ ಬರತೊಡಗಿದ ಮೇಲೆ ಪಾವ್‌ಭಾಜಿ ನಿಲ್ಲಿಸಿದರು. ನಿಮ್ಮಲ್ಲಿ ಕೆಲವರ ಯೋಜನೆಗಳು ನಿಜಕ್ಕೂ ಹೊಸವು, ಜನ ಒಪ್ಪಲು ವರ್ಷಗಳೇ ಬೇಕು. ಅಲ್ಲಿಯವರೆಗೆ ನಿಮ್ಮ ಪಾವ್‌ಭಾಜಿ ಯಾವುದು? ಸಾಫ್ಟ್‌ವೇರಿನವರಿಗೆ ಅದು ಯಾರದೋ ವೆಬ್‌ಸೈಟ್ ನೋಡಿಕೊಳ್ಳುವ ಬೇಸರದ ಕೆಲಸ ಇರಬಹುದು. ಮೆಷಿನ್ ಶಾಪಿನವರಿಗೆ ಜಾಬ್ ವರ್ಕ್: ಕಚ್ಚಾ ಮಾಲು ಪಾರ್ಟಿಯೇ ಕೊಡುತ್ತಾನೆ, ನೀವು ಕೊರೆದು, ತಿರುಗಿಸಿ, ಮಜೂರಿ ತೆಗೆದುಕೊಳ್ಳುತ್ತೀರಿ. ಮಜೂರಿ ಕಡಿಮೆ, ಮರ್ಯಾದೆಯೂ ಕಡಿಮೆ ಎನ್ನುತ್ತಾರೆ. ಆದರೆ ಕಬ್ಬಿಣಕ್ಕೆ ನಿಮ್ಮ ಎರಡೂವರೆ ಲಕ್ಷ ಹೋಗುವುದಿಲ್ಲ. ಪೀಣ್ಯದಲ್ಲಿ ಇವತ್ತು ಸ್ವಂತ ಶೆಡ್ಡು ಇರುವ ಎಷ್ಟೋ ಮಂದಿ ಜಾಬ್ ವರ್ಕಿನಿಂದಲೇ ಮೇಲೆ ಬಂದವರು.

ಊರಿಗೆ ಮರಳುವವರದು ಬೇರೆ ಪಾಡು. ಈಗ ಮರದ ಗಾಣದ ಎಣ್ಣೆಯ ಕಾಲ. ಲೀಟರಿಗೆ ಇಷ್ಟು ಲಾಭ ಎಂದು ಲೆಕ್ಕ ತೋರಿಸುತ್ತೀರಿ. ಒಂದು ಲೀಟರಿಗೆ ಸುಮಾರು ಎರಡೂವರೆ ಕಿಲೋ ಶೇಂಗಾ ಬೀಜ ಬೇಕು. ಶೇಂಗಾ ಅಗ್ಗಕ್ಕೆ ಸಿಗುವುದು ಸುಗ್ಗಿಯಲ್ಲಿ, ಚಳ್ಳಕೆರೆ, ಗದಗದ ಮಾರುಕಟ್ಟೆಗಳಲ್ಲಿ, ನಗದಿಗೆ. ಸುಗ್ಗಿಯಲ್ಲೇ ತುಂಬಿಕೊಂಡರೆ ಆರೇಳು ತಿಂಗಳ ಬಂಡವಾಳ ಗೋದಾಮಿನಲ್ಲಿ ಕೂರುತ್ತದೆ, ಹುಳುವಿನ ಭಯ, ಬೂಷ್ಟಿನ ಭಯ. ತುಂಬಿಕೊಳ್ಳದಿದ್ದರೆ ಮಳೆಗಾಲದ ಹೊತ್ತಿಗೆ ಬೀಜದ ದರ ಏರಿ ನಿಮ್ಮ ಲೆಕ್ಕ ತಲೆಕೆಳಗು. ಹಿಂಡಿ ಮಾರಿ ಬರುವ ಹಣವನ್ನು ನಿಮ್ಮ ಹಾಳೆಯಲ್ಲಿ ಕೊನೆಯ ಸಾಲಿನಲ್ಲಿ ಬರೆದಿರುತ್ತೀರಿ. ಗಾಣದವರ ಬದುಕು ನಡೆಯುವುದೇ ಅದರ ಮೇಲೆ. ದನ ಕಟ್ಟಿದವರು ದಿನವೂ ಬರುತ್ತಾರೆ, ಹಣ ಕೊಟ್ಟು ಒಯ್ಯುತ್ತಾರೆ. ಬೆಂಗಳೂರಿನ ಸಾವಯವ ಅಂಗಡಿಗಳಿಗೆ ಕಳಿಸಿದ ಎಣ್ಣೆಯ ಹಣ ಬರುವುದು ಸೀಸೆಗಳು ಖಾಲಿಯಾದ ಮೇಲೆ.

ಅಡಿಕೆ ಹಾಳೆಯ ತಟ್ಟೆ ಮಾಡುವವರ ಬಗ್ಗೆಯೂ ಒಂದು ಮಾತು. ಮಲೆನಾಡು, ಕರಾವಳಿಯಲ್ಲಿ ಎಷ್ಟೋ ಚಿಕ್ಕ ಘಟಕಗಳು ರಫ್ತುದಾರರಿಗೆ ತಟ್ಟೆ ಒತ್ತಿಕೊಡುತ್ತಿದ್ದವು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ತಟ್ಟೆಗಳು ಊಟಕ್ಕೆ ಸುರಕ್ಷಿತವಲ್ಲ ಎಂದು ಹೇಳಿ ಆಮದಿಗೆ ತಡೆಯೊಡ್ಡಿತು. ಒತ್ತುವವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಒಬ್ಬನೇ ರಫ್ತುದಾರನಿಗೆ ಕೊಡುತ್ತಿದ್ದವರ ಹಣ ಮಾತ್ರ ಅವನ ಕಂಟೇನರಿನ ಜೊತೆಗೇ ಸಿಕ್ಕಿಹಾಕಿಕೊಂಡಿತು. ಒಬ್ಬನೇ ಗಿರಾಕಿಯಿಂದ ಅರ್ಧಕ್ಕಿಂತ ಹೆಚ್ಚು ವಹಿವಾಟು ಬರುವ ಅರ್ಜಿಯನ್ನು ಕಂಡರೆ ನಮಗೆ ಯಾಕೆ ಕಣ್ಣು ಕೆಂಪಾಗುತ್ತಿತ್ತು ಎಂದು ಈಗ ತಿಳಿದಿರಬಹುದು.

ಸರ್ಕಾರದ ಯೋಜನೆಗಳ ಬಗ್ಗೆ ನೀವು ಕೇಳುವ ಮೊದಲ ಪ್ರಶ್ನೆ "ಸಬ್ಸಿಡಿ ಎಷ್ಟು ಸಾರ್?" ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆ ಪಿಎಂಇಜಿಪಿಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷದವರೆಗೆ, ಸೇವಾ ಘಟಕಕ್ಕೆ 20 ಲಕ್ಷದವರೆಗೆ ಯೋಜನಾ ವೆಚ್ಚ. ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25 ಸಹಾಯಧನ. ಮಹಿಳೆಯರೂ ಸೇರಿದಂತೆ ವಿಶೇಷ ವರ್ಗದವರಿಗೆ ಶೇ. 25 ಮತ್ತು 35. ಆದರೆ ಆ ಹಣ ನಿಮ್ಮ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತು, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಸಬ್ಸಿಡಿಗಾಗಿ ಯೋಜನೆಯನ್ನು ಊದಿಸಿ ದೊಡ್ಡದು ಮಾಡಿ, ಊದಿಸಿದ ಸಾಲಕ್ಕೆ ಕಂತು ಕಟ್ಟಲಾಗದೆ ಕೈಚೆಲ್ಲಿದವರು ಬಹಳ. ಮುದ್ರಾ ಸಾಲ ಯೋಜನೆಯಲ್ಲಿ 10 ಲಕ್ಷದವರೆಗೆ, ಅದರ ತರುಣ್ ಎಂಬ ಹಂತದ ಸಾಲ ತೀರಿಸಿದವರಿಗೆ ಈಗ 20 ಲಕ್ಷದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಸಿಜಿಟಿಎಂಎಸ್‌ಇ ಎಂಬ ಖಾತರಿ ನಿಧಿಯೂ ಇದೆ. 2000ದಲ್ಲಿ ಕೇಂದ್ರ ಸರ್ಕಾರ ಮತ್ತು ಸಣ್ಣ ಉದ್ಯಮಗಳ ಬ್ಯಾಂಕಾದ ಸಿಡ್ಬಿ ಸೇರಿ ಹುಟ್ಟುಹಾಕಿದ್ದು. ಅದರ ಬಗ್ಗೆ ಎಂಥಾ ತಪ್ಪು ತಿಳಿವಳಿಕೆ! "ನಾವು ಕಟ್ಟದಿದ್ದರೆ ಸರ್ಕಾರ ಕಟ್ಟುತ್ತದಲ್ಲ" ಎಂದು ಓದಿದವರೇ ಕೇಳಿದ್ದಾರೆ. ಆ ಖಾತರಿ ಇರುವುದು ಬ್ಯಾಂಕಿಗೆ, ನಿಮಗಲ್ಲ. ನಿಧಿ ಬ್ಯಾಂಕಿಗೆ ಕೊಟ್ಟ ಮೇಲೂ ಸಾಲ ನಿಮ್ಮ ಹೆಸರಿನಲ್ಲೇ ಇರುತ್ತದೆ, ವಸೂಲಿಗೆ ಬ್ಯಾಂಕು ನಿಮ್ಮ ಹಿಂದೆಯೇ ಬರುತ್ತದೆ.

ಬ್ಯಾಂಕ್ ಖಾತೆಯ ಬಗ್ಗೆ ಚಿಕ್ಕದಾಗಿ ಒಂದು ಮಾತು. 2025ರ ಜುಲೈಯಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿಯವರಿಗೂ ನೋಟಿಸ್ ಕಳಿಸಿದಾಗ ಬೆಂಗಳೂರಿನ ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಬೋರ್ಡು ಎದ್ದದ್ದು ನೆನಪಿರಬಹುದು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನೋಟಿಸ್ ಬಂದವರಲ್ಲಿ ಅನೇಕರ ತೊಂದರೆ ತೆರಿಗೆಯದ್ದಲ್ಲ. ತಂಗಿಯ ಮದುವೆಗೆ ಪಡೆದ ಕೈಸಾಲ, ಚೀಟಿ ಹಣ, ವ್ಯಾಪಾರದ ಹಣ ಎಲ್ಲ ಒಂದೇ ಖಾತೆಗೆ ಬಿದ್ದು ಯಾವುದು ಯಾವುದೆಂದು ತೋರಿಸಲಾಗಲಿಲ್ಲ. ಮೊದಲ ದಿನವೇ ಬೇರೆ ಕರೆಂಟ್ ಅಕೌಂಟ್ ತೆರೆಯಿರಿ.

ಇನ್ನು ಮನೆ. ನಾರಾಯಣಮೂರ್ತಿಯವರು 1981ರಲ್ಲಿ ಸುಧಾ ಮೂರ್ತಿಯವರಿಂದ 10,000 ರೂಪಾಯಿ ಪಡೆದು ಇನ್ಫೋಸಿಸ್ ಶುರುಮಾಡಿದರು ಎಂಬ ಕಥೆಯನ್ನು ನೀವೆಲ್ಲ ಒಮ್ಮೆಯಾದರೂ ನನಗೆ ಹೇಳಿದ್ದೀರಿ. ಅದಕ್ಕೂ ಮುಂಚೆ ಅವರು ಸಾಫ್ಟ್‌ರಾನಿಕ್ಸ್ ಎಂಬ ಕಂಪನಿ ಮಾಡಿ ಮುಚ್ಚಿದ್ದರು. ಮೂರು ವರ್ಷ ಮನೆಯ ಖರ್ಚು ನನ್ನದು ಎಂದು ಸುಧಾ ಮೂರ್ತಿ ಒಪ್ಪಿಕೊಂಡಿದ್ದನ್ನು ಅವರೇ ಹಲವು ಸಲ ಹೇಳಿದ್ದಾರೆ. ಹತ್ತು ಸಾವಿರಕ್ಕಿಂತ ಆ ಮೂರು ವರ್ಷದ ಮಾತು ನನಗೆ ಮುಖ್ಯವಾಗಿ ಕಾಣುತ್ತದೆ. ಅದಕ್ಕೊಂದು ಅವಧಿ ಇತ್ತು, ಒಂದು ಸಂಬಳ ಇತ್ತು. ನಿಮ್ಮ ಮನೆಯಲ್ಲಿ ಈ ಮಾತುಕತೆ ಬಾಯಿಬಿಟ್ಟು ಆಗಿದೆಯೇ? "ಅವಳು ನನಗೆ ಸಪೋರ್ಟಿವ್" ಎಂದು ಹೇಳಿದ ಗಂಡಸರ ಹೆಂಡತಿಯರು ಸಾಲಪತ್ರಕ್ಕೆ ಸಹಿ ಮಾಡಲು ಬಂದಾಗ ಮೊತ್ತ ನೋಡಿ ಬೆಚ್ಚಿದ್ದನ್ನು ಕಂಡಿದ್ದೇನೆ. ಅಪ್ಪನ ಹೆಸರಿನ ಮನೆಯನ್ನು ಅಡವಿಡುವ ಯೋಚನೆ ಇದ್ದರಂತೂ ಅಪ್ಪನ ಜೊತೆ ಅಣ್ಣ ತಮ್ಮ ಅಕ್ಕ ತಂಗಿಯರನ್ನೂ ಕೂರಿಸಿಕೊಂಡು ಮಾತಾಡಿ. ಸಾಲ ತೀರಿದ ಮೇಲೂ ತೀರದ ಜಗಳಗಳು ಅಲ್ಲಿಂದಲೇ ಹುಟ್ಟುತ್ತವೆ.

ನಿಮಗೆ ವಸೂಲಿ ಒಗ್ಗುತ್ತದೆಯೋ ಇಲ್ಲವೋ ತಿಳಿಯಲು ಕೆಲಸ ಬಿಡಬೇಕಿಲ್ಲ. ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಯಾಗಿ ಒಂದು ವರ್ಷ ಇದ್ದು ನೋಡಿ. ತಮಾಷೆಗೆ ಹೇಳುತ್ತಿಲ್ಲ. ಮೆಂಟೆನೆನ್ಸ್ ಕೊಡದೆ ಲಿಫ್ಟಿನಲ್ಲಿ ದಿನವೂ ನಗುತ್ತಾ ಸಿಗುವ ನಾಲ್ಕನೇ ಮಹಡಿಯವರಿಂದ ಹಣ ತಂದು, ಅವರ ಮಗಳ ಹುಟ್ಟುಹಬ್ಬದ ಕರೆಯೋಲೆಯನ್ನೂ ಉಳಿಸಿಕೊಂಡರೆ ನೀವು ಪಾಸು. ಸಂಘ ಇಲ್ಲದ ಬೀದಿಯಲ್ಲಿ ಗಣೇಶೋತ್ಸವದ, ರಾಜ್ಯೋತ್ಸವದ ಚಂದಾ ಇದೆ. ವರ್ಷದ ಕೊನೆಗೆ ನಿಮಗೇ ಗೊತ್ತಾಗುತ್ತದೆ. ಕೆಲವರಿಗೆ ಬಾಕಿದಾರರಿಗೆ ಫೋನು ಮಾಡುವ ಯೋಚನೆಗೇ ಹೊಟ್ಟೆ ಕಿವುಚಿದಂತಾಗುತ್ತದೆ. ಅದು ದೌರ್ಬಲ್ಯವೇನಲ್ಲ, ಸ್ವಭಾವ. ಅಂಥವರು ನಗದು ವ್ಯಾಪಾರ ನೋಡಿಕೊಳ್ಳಲಿ, ಇಲ್ಲವೇ ವಸೂಲಿ ಬಲ್ಲ ಪಾಲುದಾರರನ್ನು ಹುಡುಕಿಕೊಳ್ಳಲಿ. ಇಬ್ಬರು ಎಂಜಿನಿಯರುಗಳು ಸೇರಿ ಹೂಡಿದ ಉದ್ಯಮಕ್ಕಿಂತ ಒಬ್ಬ ಎಂಜಿನಿಯರು, ಒಬ್ಬ ಮೆಡಿಕಲ್ ರೆಪ್ರೆಸೆಂಟೇಟಿವ್ ಸೇರಿ ಹೂಡಿದ್ದಕ್ಕೆ ನಾನು ಹೆಚ್ಚು ಧೈರ್ಯದಿಂದ ಸಾಲ ಮಂಜೂರು ಮಾಡಿದ್ದೇನೆ. ಎರಡೂ ಆಗದಿದ್ದರೆ ಸಂಬಳದಲ್ಲೇ ಇರಿ. ಒಳ್ಳೆಯ ಕೆಲಸಗಾರರಾಗಿ ಉಳಿದವರಿಂದ ಈ ನಾಡಿಗೆ ನಷ್ಟವೇನೂ ಆಗಿಲ್ಲ.

ರಾಜೀನಾಮೆ ಕಳಿಸುವ ಮುನ್ನ ಎರಡು ಮೂರು ಸಣ್ಣ ಕೆಲಸಗಳು. ಕಂಪನಿಯ ಗುಂಪು ಆರೋಗ್ಯವಿಮೆ ನಿಮ್ಮ ಕೊನೆಯ ದಿನಕ್ಕೆ ಮುಗಿಯುತ್ತದೆ. ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಹೊಸ ಪಾಲಿಸಿಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಕಾಯಬೇಕಾಗಿ ಬರಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತದೆಯೇ ಎಂದು ಕೆಲಸದಲ್ಲಿರುವಾಗಲೇ ವಿಚಾರಿಸಿ ಅರ್ಜಿ ಹಾಕಿ. ಸಂಬಳದ ಸ್ಲಿಪ್ ಇರುವಾಗಲೇ ಒಂದು ಮನೆಸಾಲ ಎತ್ತಿಬಿಡೋಣ, ಆಮೇಲೆ ಬ್ಯಾಂಕಿನವರು ಮೂರು ವರ್ಷದ ಐಟಿ ರಿಟರ್ನ್ ಕೇಳುತ್ತಾರೆ ಎಂಬ ಜಾಣತನ ಬೇಡ. ಕೇಳುತ್ತಾರೆ, ನಿಜ. ಆದರೆ ಪಾರ್ಟಿಯ ಪೇಮೆಂಟ್ ಬಾರದ ತಿಂಗಳೂ ಆ ಕಂತು ಐದನೇ ತಾರೀಖಿಗೆ ಕಟ್ಟಾಗುತ್ತದೆ. ಪಿಎಫ್ ಮುಟ್ಟಬೇಡಿ. ಮುಟ್ಟಲೇಬೇಕಾಗಿ ಬಂದರೆ ಯಂತ್ರಕ್ಕೆ ಹಾಕಿ, ಶೋರೂಮಿನ ಒಳಾಂಗಣ ಅಲಂಕಾರಕ್ಕೆ ಹಾಕಬೇಡಿ. ಯಂತ್ರವನ್ನಾದರೆ ಮಾರಬಹುದು.

ಇಂತಿ,
ಸಾಲದ ಅರ್ಜಿ ಓದಿ ಓದಿ ಕನ್ನಡಕದ ನಂಬರು ಏರಿಸಿಕೊಂಡ ನಿಮ್ಮ ಹಿತೈಷಿ